ಕಾಳಿ ಎರಡು

ಟ್ಯಾಬು ಮೊದಲು ಬಂತು.
ಸಂಗೀತದ ಮೇಷ್ಟ್ರು ಇನ್ನೂ ಬಂದಿಲ್ಲ.
ಗಣಿತದವಳು ನಾನು; ನನ್ನ ಕೈಗೇ ಇಟ್ಟರು.

‘ಸಾ’ ಎಂದರೆ ಮುಳ್ಳು ನೆಟ್ಟಗೆ ನಿಂತು ಹಸಿರಾಗಬೇಕು.
ಏಳನೇ ಇಯತ್ತೆ ಬಾಯಿ ತೆರೆಯುವ ಮೊದಲೇ
ನಿಂತಿತ್ತು, ಹಸಿರಾಗಿ.
ಯಾರೋ ಅದು?
ಕಿಟಕಿಯಾಚೆ, ರಸ್ತೆ ದಾಟಿದರೆ, ಕಲ್ಲು ಕೊಯ್ಯುವ ಮಷೀನು.
ಶಹಾಬಾದಿನಲ್ಲಿ ಹುಟ್ಟಿದವರಿಗೆ ಅದು ಸದ್ದೇ ಅಲ್ಲ.

ಡಿ ಶಾರ್ಪ್, ಎಂದಿತು ಆ್ಯಪು.
ದರ್ಗಾದಲ್ಲಿ ಪೇಟಿ ಬಾರಿಸುವವರ ಮಗಳು ಮೆಹಜಬೀನ್
ತಿದ್ದಿದಳು: ‘ಕಾಳಿ ಎರಡು ಅನ್ರಿ ಟೀಚರ್.’

ಅದಕ್ಕೇ ಶ್ರುತಿ ಹಿಡಿದೆವು.
ನಲವತ್ತೊಂದು ಗಂಟಲು, ಒಂದು ಗರಗಸ.

ತಟ್ಟನೆ ಮುಳ್ಳು ಎಡಕ್ಕೆ ಬಿತ್ತು, ಕೆಂಪಾಯಿತು.
ಯಾರದು ಅಪಸ್ವರ? ಗದರಿದೆ.
ಭೀಮಶಾ ಕಣ್ಣು ತೆರೆಯದೆ ಹೇಳಿದ:
‘ಯಾರದೂ ಅಲ್ರೀ. ನಮ್ಮಪ್ಪ ಈಗ ಕರಿ ಕಲ್ಲಿಗೆ ಹಚ್ಯಾನ.
ಅದು ಗಟ್ಟಿ ಇರ್ತದ.
ತಡೀರಿ, ಅರ್ಧ ದಾಟಿದ ಮ್ಯಾಲ ಏರ್ತದ.’

ತಡೆದೆವು.
ಏರಿತು.

ಟ್ಯಾಬಿನಲ್ಲಿ ಹಾಜರಿಗೊಂದು ಖಾನೆ, ಅಂಕಕ್ಕೊಂದು.
ಭೀಮಶಾನ ಮುಂದೆ ಬೆರಳು ನಿಂತೇ ಇದೆ.
ಹೋದ ವರ್ಷ, ಭಿನ್ನರಾಶಿಯ ಪಾಠದಲ್ಲಿ,
‘ಅರ್ಧ ಎಂದರೇನು ತಿಳಿಯದು’ ಎಂದು
ಇವನ ಹೆಸರಿನ ಎದುರು ಬರೆದವಳು ನಾನೇ.