ಮಾರನೆಯ ದಿನ

ಅಪ್ಪನ ಕತೆ ಯಾವಾಗಲೂ ರಾತ್ರಿಗೇ ಮುಗಿಯುತ್ತಿತ್ತು.
ಉತ್ತರದ ಗಾಳಿ, ಅದೂ ಜೂನಿನದು,
ಚಿಲೋಯೆಯ ನಮ್ಮ ಪುಟ್ಟ ಕೊಲ್ಲಿಯನ್ನು
ಕಂಬಳಿ ಕೊಡವಿದಂತೆ ಕೊಡವಿ
ಹಳದಿ ಬಳಿದ ನಮ್ಮ ದೋಣಿಯನ್ನು
ಬಂಡೆಗೆ ಕುಕ್ಕಿ ಕುಕ್ಕಿ ಸೌದೆ ಮಾಡಿದ ರಾತ್ರಿ.

ಹನ್ನೊಂದು ಚಳಿಗಾಲ, ಅದೇ ರಾತ್ರಿ.
ಒಲೆಯ ಪಕ್ಕದ ಅದೇ ಬೆಂಚು,
ಸೇಬಿನ ಹುಳಿ ಹೆಂಡದ ಅದೇ ಹೂಜಿ,
'ಒನೊಫ್ರೆ ಹಗ್ಗ ಬಿಗಿಯಾಗಿ ಕಟ್ಟಿದ್ದರೆ' ಎನ್ನುವಲ್ಲಿ
ಮೇಜಿಗೆ ಬೀಳುವ ಅದೇ ಗುದ್ದು.

ಒನೊಫ್ರೆ ಅಂದರೆ ನನ್ನ ಚಿಕ್ಕಪ್ಪ.
ಎದುರು ದ್ವೀಪದಲ್ಲೇ ಇದ್ದಾನೆ,
ಕತ್ತಲಾದರೆ ಅವನ ಕಿಟಕಿಯ ದೀಪ ಕಾಣುತ್ತದೆ.
ನಾವು ಅದನ್ನೊಂದು ನಕ್ಷತ್ರ ಅಂದುಕೊಂಡು ಬಾಳಿದೆವು.

ನಾನೋ, ಹೂಜಿ ತುಂಬಿಸುತ್ತಿದ್ದೆ.
ಗುದ್ದು ಬೀಳುವ ಮೊದಲೇ
ಲೋಟ ಎತ್ತಿ ಹಿಡಿಯುವಷ್ಟು
ಕತೆ ನನಗೆ ಬಾಯಿಪಾಠ.

ಮೊನ್ನೆ ನನ್ನ ಮಗಳು ಕರ್ಮೆಲ, ಎಂಟು ವರ್ಷ,
ಆಲೂಗೆಡ್ಡೆ ತುರಿಯುತ್ತಿದ್ದವಳು
ಕಣ್ಣೆತ್ತದೆ ಕೇಳಿದಳು:
'ಮಾರನೆಯ ದಿನ ಏನು ಮಾಡಿದೆ, ತಾತ?'

ಅಪ್ಪ ನಕ್ಕ.
'ಮಾರನೆಯ ದಿನ ಏನು ಮಗು, ದೋಣಿ ಹೋಯಿತಲ್ಲ.'
'ಅದು ರಾತ್ರಿ. ಬೆಳಿಗ್ಗೆ?'

ಒಲೆಯಲ್ಲಿ ಹಸಿ ಸೌದೆ ಸುಂಯ್ ಎಂದಿತು.
ಅಪ್ಪ ಬಾಯಿ ತೆರೆದ. ಮುಚ್ಚಿದ.
ಬೆಳಿಗ್ಗೆಯನ್ನು ಎಲ್ಲೋ ಇಟ್ಟು ಮರೆತವನ ಹಾಗೆ
ಜೇಬು ತಡವಿಕೊಂಡ.

ನನಗೆ ಗೊತ್ತಿತ್ತು ಆ ಬೆಳಿಗ್ಗೆ. ನಾನಿದ್ದೆ ಅಲ್ಲಿ.
ಗಾಳಿ ಬಿದ್ದಿತ್ತು. ನೀರು, ಏನೂ ಆಗಿಲ್ಲವೆಂಬಂತೆ,
ಬಟ್ಟಲ ಹಾಲಿನ ಹಾಗೆ ತೆಪ್ಪಗೆ.
ಚಿಕ್ಕಪ್ಪ ಮೊಣಕಾಲುದ್ದ ಕೆಸರಲ್ಲಿ ನಿಂತು
ಹಲಗೆ ಒಂದೊಂದೇ ಆಯ್ದು ದಡಕ್ಕೆ ತಂದು
ಮೊಳೆ ಕಿತ್ತು, ಸೊಟ್ಟಗಾದದ್ದನ್ನು ಕಲ್ಲಿನಿಂದ ಬಡಿದು,
ಡಬ್ಬಿಗೆ ಹಾಕುತ್ತಿದ್ದ,
ಮತ್ತೆ ಕಟ್ಟುವವನ ಹಾಗೆ.

ಅಪ್ಪ ಇಳಿದು ಹೋಗಿ ಆ ಡಬ್ಬಿಯನ್ನು ಒದ್ದ.

ಅಷ್ಟೆ. ಮಾರನೆಯ ದಿನ ಅಂದರೆ ಅಷ್ಟೆ.
ಅದನ್ನು ಗಾಳಿ ಒದೆಯಲಿಲ್ಲ.

ಬಹಳ ಹೊತ್ತಾದ ಮೇಲೆ ಅಪ್ಪ,
ನಮಗಲ್ಲ, ಬೆಂಚಿಗೆ ಹೇಳುವವನ ಹಾಗೆ:
'ಹಗ್ಗ ಕಟ್ಟಿದ್ದು ಅವನೇ, ಅದು ನಿಜ.
ಡಬ್ಬಿ ಒದ್ದದ್ದು ನಾನು.'

ಕರ್ಮೆಲ ತುರಿಮಣೆ ಪಕ್ಕಕ್ಕಿಟ್ಟಳು.
'ಮೊಳೆ ಎಲ್ಲಾ ಸಿಕ್ಕಿದವಾ ಆಮೇಲೆ?'

ಇವತ್ತು ಮಧ್ಯಾಹ್ನದ ಬೋಟಿಗೆ ಅಪ್ಪ ಹೊರಟ.
ಚೀಲದಲ್ಲಿ ಉಣ್ಣೆಯ ಕಾಲುಚೀಲ ಎರಡು ಜೊತೆ,
ತಾಮ್ರದ ಮೊಳೆ ಒಂದು ಕಿಲೋ;
ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು.
ಹನ್ನೊಂದು ವರ್ಷಕ್ಕೆ ಒಂದು ಕಿಲೋ ಸಾಕಾದೀತೇ, ಗೊತ್ತಿಲ್ಲ.
ಚಿಕ್ಕಪ್ಪ ಬಾಗಿಲು ತೆಗೆಯದಿದ್ದರೆ?
ಅದು ಅವನ ಬಾಗಿಲು.
ತಟ್ಟುವುದಷ್ಟೇ ನನ್ನದು, ಎಂದು ಅಪ್ಪ
ಹಲ್ಲಿಲ್ಲದ ಕಡೆಯಿಂದ ಹೇಳಿದ ಹಾಗಿತ್ತು,
ಇಂಜಿನ್ನಿನ ಸದ್ದಿಗೆ ಸರಿಯಾಗಿ ಕೇಳಲಿಲ್ಲ.

ಮನೆಗೆ ಬಂದು ಹೂಜಿ ತೊಳೆದು ಬೋರಲು ಹಾಕಿದೆ.
ಕೈಯ ವಾಸನೆ ಮಾತ್ರ ಹೋಗುವುದಿಲ್ಲ,
ಹನ್ನೊಂದು ವರ್ಷ ಕಾರ್ಖಾನೆಯಲ್ಲಿ
ಕಪ್ಪೆಚಿಪ್ಪು ಬಿಡಿಸಿದ ಕೈ.
ದೋಣಿಯೊಂದು ಇದ್ದಿದ್ದರೆ ನಾನೂ ಓದಿ
ಟೀಚರಾಗುತ್ತಿದ್ದೆ ಎಂದು
ಪಕ್ಕದ ಮೇಜಿನವಳಿಗೆ ಎಷ್ಟು ಸಲ ಹೇಳಿಲ್ಲ.
ಅವಳೂ ಲೋಟ ಎತ್ತಿ ಹಿಡಿಯುವವಳೇ, ನನ್ನ ಹಾಗೆ.

ಸಂಜೆ ಶಾಲೆಯ ಅರ್ಜಿಯೊಂದು
ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು, ಎರಡು ವರ್ಷ ಹಳೆಯದು.
ಸಿಕ್ಕಿತು ಅಂದರೆ ಸುಳ್ಳು.
ಎಲ್ಲಿದೆ ಅಂತ ನನಗೆ ಗೊತ್ತೇ ಇತ್ತು.

ಕತ್ತಲಾಗಿದೆ. ಕೊನೆಯ ಬೋಟು ಬಂದು ಹೋಯಿತು,
ಅಪ್ಪ ಅದರಲ್ಲಿ ಇರಲಿಲ್ಲ.
ಕರ್ಮೆಲ ಕಿಟಕಿಗೆ ಮೂಗು ಒತ್ತಿದ್ದಾಳೆ.
ಎದುರು ದ್ವೀಪದಲ್ಲಿ ಅದು ಹತ್ತಿಕೊಂಡಿದೆ.
ದೀಪ. ನಕ್ಷತ್ರ ಅಲ್ಲ.