ಬೆಸ ಎಡಕ್ಕೆ, ಸಮ ಬಲಕ್ಕೆ

ಮೊದಲು ಟೇಪು. ದರ್ಜಿಯ ಹಳದಿ ಟೇಪು,
ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ
ಮೂವತ್ತೈದೂವರೆ ಸೆಂಟಿಮೀಟರು.
ಅದರ ಹತ್ತರಲ್ಲೊಂದು, ಐದರಲ್ಲೊಂದು ಪಾಲಿಗೆ
ಕೆಂಪು ಪೆನ್ಸಿಲಿನ ಚುಕ್ಕಿ.
ಎಡಗಿವಿಯ ಮೇಲೆ ಹೊಲಿಗೆ ಇದೆ, ಅಲ್ಲಿ ಬೇಡ,
ಒಂದು ಬೆರಳು ಸರಿಸಿದೆ, ಸರಿಸಿದ್ದನ್ನು ಬರೆದಿಟ್ಟೆ.
ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ,
ನಡುಗೆರೆಗೆ ಸೊನ್ನೆ.
ಇಪ್ಪತ್ತೊಂದು ತಂತಿ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತುವ ಗಂಗಿರೆಡ್ಡಿ,
ಇಪ್ಪತ್ತಾರು ವರ್ಷ,
ಶ್ರೀನಿವಾಸಪುರದ ರಸ್ತೆಯ ತಿರುವಿನಲ್ಲಿ
ಲಗೇಜು ಆಟೋದಿಂದ ಬಿದ್ದವನು.
ತಲೆ ಬೋಳಿಸಿದ ಸಿಸ್ಟರ್ ಹೇಳಿದಳು:
ಕೂದಲ ತುಂಬ ಬೀಜ ಮೇಡಂ,
ಯಾವ ಕೆಂಪು ಯಾವುದು ಅಂತ ಮೊದಲು ಗೊತ್ತಾಗಲಿಲ್ಲ.
ಇವತ್ತಿಗೆ ನಾಲ್ಕನೇ ರಾತ್ರಿ. ಕಣ್ಣು ಬಿಟ್ಟಿಲ್ಲ.

ಪರದೆಯ ಮೇಲೆ ಗೆರೆಗಳು ಏಳುತ್ತವೆ.
ಕೆಲವು ಅವನವಲ್ಲ.
ಇದು ಉಸಿರಿನ ಯಂತ್ರದ್ದು, ಇದು ಡ್ರಿಪ್ ಪಂಪಿನದು,
ಸೆಕೆಂಡಿಗೆ ಐವತ್ತು ಸಲ ನಡುಗುವ ಈ ದಪ್ಪ ಗೆರೆ
ಬೆಸ್ಕಾಂನವರದು.
ಒಂದೊಂದನ್ನೇ ಕಳೆಯುತ್ತ ಬಂದರೆ
ಕೊನೆಗೆ ಉಳಿಯುವವನು ಗಂಗಿರೆಡ್ಡಿ:
ಕೆರೆಯಿಂದ ಎಮ್ಮೆ ಏಳುವಷ್ಟು ನಿಧಾನದ ಅಲೆ.

ನನ್ನಪ್ಪನೂ ಗೆರೆ ಕಾದವನೇ.
ಕೆಜಿಎಫ್‌ನಲ್ಲಿ, ಗಣಿ ಮುಚ್ಚುವ ಮುಂಚೆ,
ಬಂಡೆಯ ಸಿಡಿತ ದಾಖಲಿಸುವ ಕೋಣೆಯಲ್ಲಿ
ಸುತ್ತುವ ಕಾಗದದ ಮೇಲಿನ ಮುಳ್ಳಿಗೆ ಕಾವಲು.
ಮೈಲಿ ಆಳದಲ್ಲಿ ಬಂಡೆ ಮಗ್ಗುಲಾದರೆ
ಅಲ್ಲಿ ಮುಳ್ಳು ಎಗರುತ್ತಿತ್ತು,
ಇಲ್ಲಿ ನಮ್ಮ ಲೈನ್ ಮನೆಯ ಪಾತ್ರೆ ಗಿಲಕ್ಕೆನ್ನುತ್ತಿತ್ತು.
ಅಮ್ಮ ವೇಳಾಂಗಣ್ಣಿ ಮಾತೆಯ ಹೆಸರು ಹೇಳಿ
ಸೈರನ್‌ಗೆ ಕಿವಿಯಿಟ್ಟು ಒಲೆ ಮುಂದೆ ಹಾಗೇ ಕೂರುತ್ತಿದ್ದಳು.
ಅಪ್ಪ ಅನ್ನುತ್ತಿದ್ದ: ಮುಳ್ಳು ಬರೆಯುವಷ್ಟರಲ್ಲಿ
ಆಗಬೇಕಾದ್ದು ಆಗಿರುತ್ತೆ ಫಿಲೋ,
ನಾನು ಬರೀ ಗುಮಾಸ್ತ.

ಮೂರು ಗಂಟೆ ಹತ್ತು ನಿಮಿಷ.
ಅವನ ಕೈ ಕದಲಲಿಲ್ಲ, ರೆಪ್ಪೆ ಕದಲಲಿಲ್ಲ,
ನಾಡಿ, ಬಿಪಿ, ಎಲ್ಲ ಅದದೇ ಅಂಕಿ.
ಏಳು, ಮೂರು, ಐದು: ಎಡಗಡೆಯ ಬೆಸಗಳು ಮಾತ್ರ
ಮೊನಚಾದವು. ಗರಗಸದ ಹಲ್ಲು,
ಒತ್ತೊತ್ತಾಗಿ, ಪಕ್ಕದವರನ್ನೂ ಎಬ್ಬಿಸುತ್ತ.
ಹೊರಗೆ ನಿದ್ದೆ ಹೋದಂತಿರುವ ಮನುಷ್ಯ,
ಒಳಗೆ ಸಿಡಿತ.
ನನ್ನ ಹತ್ತಿರ ಫೋನಿತ್ತು ಅಪ್ಪಾ.
ಡಾಕ್ಟರ್ ಇಮ್ತಿಯಾಜ್ ಬರಿಗಾಲಲ್ಲಿ ಓಡಿ ಬಂದರು.
ಸೂಜಿ. ಹನ್ನೊಂದು ನಿಮಿಷ. ಹಲ್ಲು ಮೊಂಡಾಯಿತು.
ಮತ್ತೆ ಕೆರೆ, ಮತ್ತೆ ಎಮ್ಮೆ.

ಬೆಳಿಗ್ಗೆ ಒಳಗೆ ಬಿಟ್ಟಾಗ ಅವನ ಹೆಂಡತಿ ಸುಗುಣ
ಪರದೆಯನ್ನೇ ನೋಡಿದಳು, ಅವನನ್ನಲ್ಲ.
ಇದರಲ್ಲಿ ಏನು ಬರುತ್ತೆ ಮೇಡಂ, ಯೋಚನೆನಾ?
ಅಲ್ಲಮ್ಮ, ಕರೆಂಟು.
ಎಷ್ಟು?
ಟಾರ್ಚಿನ ಒಂದು ಸೆಲ್ಲನ್ನು ಮೂವತ್ತು ಸಾವಿರ ಪಾಲು ಮಾಡಿದರೆ
ಅದರಲ್ಲಿ ಒಂದು ಪಾಲು.
ಸ್ವಲ್ಪ ಹೊತ್ತು ಮನಸ್ಸಲ್ಲೇ ಲೆಕ್ಕ ಹಾಕಿದಳು.
ಸಾಕಾಗುತ್ತಾ? ಅಂದಳು.

ನಿಯಮದ ಪ್ರಕಾರ ಹೆಸರು ಕೂಗಬೇಕು, ಉಗುರು ಒತ್ತಬೇಕು.
ಗಂಗಿರೆಡ್ಡೀ, ಗಂಗಿರೆಡ್ಡಿಯವರೇ. ಆಧಾರ್ ಕಾರ್ಡಿನ ಹೆಸರು.
ಗೆರೆ ಕಿವಿಗೊಡಲಿಲ್ಲ.
ನೀನು ಕೂಗಮ್ಮ, ಮನೆಯಲ್ಲಿ ಕೂಗುವ ಹಾಗೆ.
ಹೆಸರು ಹಿಡಿಯಲ್ಲ ಮೇಡಂ, ಅಂತ ಮುದುಡಿ,
ಆಮೇಲೆ ಬಗ್ಗಿ, ಕಿವಿಯ ಹತ್ತಿರ, ತೆಲುಗಿನಲ್ಲಿ ಬೈದಳು:
ನೂರ ನಲವತ್ತು ಕ್ರೇಟಿನ ಕೂಲಿ ಕೊಟ್ಟಿಲ್ಲ ಮಂಡಿಯವನು,
ಚೀಟಿ ಕೇಳುತ್ತಾನೆ, ಎಲ್ಲಿಟ್ಟೆ, ಎದ್ದು ಹೇಳು.

ಆರು ಸೆಕೆಂಡು.
ಅಗಲದ ಅಲೆ ತಗ್ಗಿ ಸಣ್ಣ ಸಣ್ಣ ಅವಸರದ ಗೆರೆ,
ಬೆಸ, ಸಮ, ಎರಡೂ ಕಡೆ.
ಇಲ್ಲಾ, ಅವಳ ಬಳೆ ತಂತಿಗೆ ತಗುಲಿತೇನೋ.
ಇನ್ನೊಂದು ಸಲ, ಬಳೆ ತೆಗೆದಿಟ್ಟು, ಅಂದುಬಿಟ್ಟೆ.

ಅವಳು ಕೈ ನೋಡಿಕೊಂಡಳು. ನನ್ನನ್ನು ನೋಡಿದಳು.
ಏನು ಕೇಳಿದೆನೆಂದು ಆಗ ಹೊಳೆಯಿತು ನನಗೆ.

ಸಿಸ್ಟರ್ ಬ್ಯಾಂಡೇಜು ತಂದು
ಹಸಿರು ಗಾಜನ್ನೆಲ್ಲ ಮೊಣಕೈಗೇರಿಸಿ
ಸದ್ದಾಗದ ಹಾಗೆ ಸುತ್ತಿ ಕಟ್ಟಿದಳು.
ಈಗ ಬೈಯಮ್ಮ, ಅಂದೆ.
ಕೆಂಪು ಪೆನ್ಸಿಲ್ ಹಿಡಿದು ಕೂತೆ.