ತಣ್ಣಗಿದ್ದಾಗ ಕಚ್ಚಬೇಕು

ಕಪ್ಪತಗುಡ್ಡದಿಂದ ಡೋಣಿ ಕಡೆ ಇಳಿಯೋ ನಾಕನೇ ತಿರುವಿನಾಗ
ಪೆಡಲು ಮೆತ್ತಗಾತು,
ಹಣ್ಣಾದ ಪಪ್ಪಾಯಿಗೆ ಹೆಬ್ಬೆಟ್ಟು ಒತ್ತಿದಂಗ.
ಕಾಲು ಕೆಳಗ ಹೋತು, ಗಾಡಿ ಮುಂದ ಹೋತು.
ಗೇರು ಮೂರರಿಂದ ಎರಡಕ್ಕ ಎಳದು,
ಎಂಜಿನ್ನು ಬೈಕೋತ ಒದರಿಕೋತ
ಅಂತೂ ನಿಂತೆ, ಗಾಳಿಯಂತ್ರದ ಬುಡದಾಗ.
ಮ್ಯಾಲ ರೆಕ್ಕಿ ತಿರಗತಿತ್ತು, ಅದಕ್ಕೇನು ಅವಸರ.
ಚಕ್ರದಿಂದ ಹೊಗಿ. ಸುಟ್ಟ ವಾಸನಿ,
ಇಸ್ತ್ರಿ ಪೆಟಿಗಿ ಸೀರಿ ಮ್ಯಾಲ ಮರತು ಬಿಟ್ಟಂಥಾದ್ದು.

ಮರುದಿನ ಮುಳಗುಂದ ನಾಕಾ.
ಹಜರೇಸಾಬ ಚಕ್ರ ಬಿಚ್ಚಿ
ಹಳೇ ಪ್ಯಾಡು ನನ್ನ ಅಂಗೈಯಾಗ ಇಟ್ಟ.
"ಮುಖಾ ನೋಡಕೋಬಹುದು ನೋಡ್ರಿ ಅಕ್ಕಾರ, ಹಂಗ ನುಣುಪಾಗೇತಿ.
ನಿಲ್ಲಸಾಕ ಬರಂಗಿಲ್ಲ."
ಹದಿನೆಂಟು ವರ್ಷದ ಪಾಲಿಯೊ.
ಮಾರಿಬಿಡು ಅಂತಾರ ಮನ್ಯಾಗ.
ರವಿವಾರ ನಸಕಿನ್ಯಾಗ ಅದು ಎಲ್ಲಿಗೆ ಹೋಗತೈತಿ,
ಎಷ್ಟು ಜೋರ ಹೋಗತೈತಿ, ಅವರಿಗೆ ಗೊತ್ತಿಲ್ಲ.
ಯಾಕ ಹಂಗ ಹೊಡೀತೀರಿ ಅಂತ ಹಜರೇಸಾಬ ಕೇಳಂಗಿಲ್ಲ.
ಅದಕ್ಕಽ ಅವನ ಕಡೆ ಹೋಗೂದು.

ಓದಿಕೊಂಡು ಹೋಗಿದ್ದೆ ನಾನೂ.
ರೇಸಿನ ಪ್ಯಾಡು ತರಸು ಅಂದೆ,
ಎಷ್ಟು ಕಾದರೂ ಕೈ ಬಿಡಬಾರದು, ರೊಕ್ಕ ಎಷ್ಟರ ಆಗಲಿ.
ಅವ ನಗಲಿಲ್ಲ. ನಕ್ಕಿದ್ರ ಚಲೋ ಇತ್ತು.
"ಅದು ಕಾದ ಮ್ಯಾಲ ಕಚ್ಚೂದ್ರಿ.
ನೀವು ಐದಕ್ಕ ಮನಿ ಬಿಡತೀರಿ,
ಬೆಟಗೇರಿ ಓಣಿ ತುದಿಗೆ ಎಮ್ಮಿ ಅಡ್ಡ ನಿಂತಿರತೈತಿ.
ತಡಿ ನಮ್ಮವ್ವ, ಪ್ಯಾಡಿನ್ನೂ ಕಾದಿಲ್ಲ
ಅಂತ ಹೇಳತೀರೇನು ಅದಕ್ಕ?"

ಡಬ್ಬಿ ತಗದ. ಕಂಪನಿದು:
ಸಪ್ಪಳಿಲ್ಲ, ಧೂಳಿಲ್ಲ, ಗುಡ್ಡದಾಗ ಮತ್ತ ಅದಽ ಪಪ್ಪಾಯಿ.
ಇನ್ನೊಂದು, ಉಕ್ಕು ಬೆರಸಿದ್ದು,
ಡಿಸ್ಕನ್ನಽ ತಿಂತೈತಿ, ಸಿಗ್ನಲ್ಲಿನ್ಯಾಗ ಹಂದಿ ಒದರಿದಂಗ ಒದರತೈತಿ.
ನಾ ಒಂದೊಂದಽ ಉಗರಲೆ ಕೆರದು ನೋಡತಿದ್ದೆ,
ಸಂತ್ಯಾಗ ಸವತಿಕಾಯಿ ಆರಿಸಿದಂಗ.

ನಮ್ಮಪ್ಪನ ಮಗ್ಗಕ್ಕೂ ಬ್ರೇಕಿತ್ತು.
ಹಾಸಿನ ಬೀಮಿಗೆ ಎರಡು ಸುತ್ತು ಹಗ್ಗ,
ತುದಿಗೆ ಕಲ್ಲು ತುಂಬಿದ ಚೀಲ.
ಮಳಿಗಾಲಕ್ಕ ಹಗ್ಗ ಹಸಿಯಾಗಿ ಬೀಮು ಹಿಡಕೋತಿತ್ತು,
ಎಳಿ ಪಟಪಟ ಹರೀತಿದ್ವು.
ಆವಾಗ ಅಪ್ಪ ಸೀಮೆಸುಣ್ಣದ ಪುಡಿ ಉದುರಸತಿದ್ದ,
ನಾ ಸಾಲಿಯಿಂದ ಕದ್ದು ತಂದದ್ದು.
ಒಂದು ಕಲ್ಲು ತಗದು, ಒಂದು ಹಾಕಿ,
ಹಾಸಿನ ಮ್ಯಾಲ ಬೆರಳಾಡಿಸಿ ಅಂತಿದ್ದ:
ಹಗ್ಗ ಇರೂದು ಹಿಡಿಯಾಕಲ್ಲ, ಬಿಡಾಕ.
ಆವಾಗ ತಿಳಿದಿರಲಿಲ್ಲ.
ಈಗೂ ಪೂರಾ ತಿಳದೈತಿ ಅಂತ ಹೇಳಲಾರೆ.

"ಬೂದಿಬಣ್ಣದ ಡಬ್ಬಿ" ಅಂದೆ.
"ಹೂಂ" ಅಂದ, ನಾ ಮೊದಲಽ ಅದನ್ನ ಹೇಳತೀನಂತ ಗೊತ್ತಿದ್ದವನಂಗ.
ತಣ್ಣಗಿದ್ದಾಗೂ ಕಚ್ಚತೈತಿ, ಕಾದಾಗ ಒಂದೀಟು ಹೆಚ್ಚು.
ಲಗೂ ಸವೀತೈತಿ, ಸವೀಲಿ.
ಆಮ್ಯಾಲ ಬಾನೆಟ್ಟಿನ ಕೆಳಗಿಂದ
ಬ್ರೇಕ್ ಎಣ್ಣಿ ಒಂದು ಶೀಶೆಕ್ಕ ಎಳದು ಬೆಳಕಿಗೆ ಹಿಡದ.
ಕಷಾಯ.
"ನಾಕು ವರ್ಷಾತು ಯಾರೂ ಬದಲಿಸಿಲ್ಲ. ಇದು ಕುದ್ದಽ ನಿಮ್ಮ ಪೆಡಲು ಹೋದದ್ದು.
ಪ್ಯಾಡಿಗೆ ಸುಮ್ನ ಬೈದ್ರಿ."

ಸಂಜಿಮುಂದ ಲಕ್ಕುಂಡಿ ರಸ್ತಾ.
ಅರವತ್ತರಿಂದ ಹತ್ತಕ್ಕ, ಮತ್ತ ಅರವತ್ತಕ್ಕ,
ಹತ್ತು ಸಲ, ಪೂರಾ ನಿಲ್ಲಬಾರದು,
ನಿಂತರ ಡಿಸ್ಕಿಗೆ ಕಲಿ ಬೀಳತೈತಿ ಅಂತ ಅವನ ಅಪ್ಪಣಿ.
ಮೆಣಸಿನಕಾಯಿ ಟೆಂಪೊದವ ಹಾರ್ನಿನ್ಯಾಗಽ ಬೈದ.
ಆರನೇ ಸಲಕ್ಕ ಸೈಕಲ್ಲಿನ ಮುದಕ ಒಬ್ಬ
ಕಿಡಕಿಗೆ ಬಾಗಿ ಕೇಳಿದ:
"ಏನರ ಮರತು ಬಂದೀ ಏನವಾ?"
ಇಲ್ಲಜ್ಜಾ ಅಂದು ಮತ್ತ ಏರಿಸಿದೆ.

ರವಿವಾರ, ಐದು ಗಂಟೆ.
ಓಣಿ ತುದಿಗೆ ಎಮ್ಮಿ ಇತ್ತು, ಖರೇನಽ ಇತ್ತು.
ತುಳದೆ.
ಎಮ್ಮಿ ಒಂದು ಕಿವಿ ಅಲ್ಲಾಡಿಸಿತು, ಅಷ್ಟಽ,
ಮೆಲುಕು ಬಿಡಲಿಲ್ಲ.
ನಾ ಕಾದೆ.
ಗುಡ್ಡ ಇನ್ನೂ ದೂರ ಇತ್ತು.